ಹನ್ನೆರಡು ಮೀಟರಿನ ಕೊಳವೆ

ಯಂತ್ರವಿದ್ದದ್ದು ಮುಂಬಾಗಿಲಿನ ಪಕ್ಕ, ಕೋಟು ತೂಗುಹಾಕುವ ಗೂಟಗಳ ಕೆಳಗೆ. ಅದು ಮನೆಯ ಗಾಳಿಯನ್ನೇ ಎಳೆದುಕೊಂಡು, ಅದರಲ್ಲಿನ ಸಾರಜನಕವನ್ನು ಸೋಸಿ, ಉಳಿದ ಆಮ್ಲಜನಕವನ್ನು ಒಂದು ನೀರಿನ ಬಾಟಲಿಯೊಳಗಿಂದ ಗುಳುಗುಳು ಹಾಯಿಸಿ ಸಣ್ಣ ಕೊಳವೆಯೊಂದಕ್ಕೆ ಬಿಡುತ್ತಿತ್ತು. ಕೊಳವೆಯ ಉದ್ದ ಹನ್ನೆರಡು ಮೀಟರ್. ಅದರ ಇನ್ನೊಂದು ತುದಿ ಆರು ತಿಂಗಳ ಹೆಲ್ಕಾಳ ಮೂಗಿನಲ್ಲಿತ್ತು.

ಹೆಲ್ಕಾಳ ತಾಯಿ ಇಂಕೆರಿಗೆ ಆ ಹನ್ನೆರಡು ಮೀಟರ್ ಬಾಯಿಪಾಠವಾಗಿತ್ತು. ಅಡುಗೆಮನೆಯ ಮೇಜಿನವರೆಗೆ ಬರುತ್ತದೆ, ಸಿಂಕಿನವರೆಗೆ ಬರುವುದಿಲ್ಲ. ಸ್ನಾನದ ಮನೆಯ ಹೊಸ್ತಿಲಲ್ಲಿ ಬಿಗಿಯಾಗುತ್ತದೆ. ನಡುಮನೆಯ ಗಾಜಿನ ಬಾಗಿಲನ್ನು ತಲುಪಿದ ಮೇಲೂ ಮೂರು ಮೀಟರ್ ಮಿಗುತ್ತದೆ. ಬಾಗಿಲಿನಾಚೆ ಹಲಗೆ ಹಾಸಿದ ಜಗಲಿ, ಅದರಾಚೆ ಹಿಮ ತುಂಬಿದ ಸಣ್ಣ ಅಂಗಳ. ಆ ಮೂರು ಮೀಟರನ್ನು ಈವರೆಗೆ ಯಾರೂ ಬಳಸಿರಲಿಲ್ಲ.

ಹೆಲ್ಕಾ ಸೆಪ್ಟೆಂಬರಿನಲ್ಲಿ, ಇಪ್ಪತ್ತಾರು ವಾರಕ್ಕೇ ಹುಟ್ಟಿದವಳು. ತೂಕ ಎಂಟುನೂರ ಹತ್ತು ಗ್ರಾಂ. ನಾಲ್ಕು ತಿಂಗಳು ಔಲು ನಗರದ ಆಸ್ಪತ್ರೆಯಲ್ಲಿದ್ದಳು. ಅಲ್ಲಿ ಆಮ್ಲಜನಕಕ್ಕೆ ಎರಡು ಗಡಿಗಳಿದ್ದವು. ರಕ್ತದ ಅಂಕಿ ತೊಂಬತ್ತರ ಕೆಳಗಿಳಿದರೆ ಒಂದು ಗಂಟೆ ಬಡಿಯುತ್ತಿತ್ತು, ತೊಂಬತ್ತೈದರ ಮೇಲೇರಿದರೆ ಇನ್ನೊಂದು. ಕಡಿಮೆಯಾದರೆ ಜೀವಕ್ಕೆ ಕುತ್ತು, ಹೆಚ್ಚಾದರೆ ಇನ್ನೂ ಬಲಿಯದ ಕಣ್ಣಿನ ರಕ್ತನಾಳಗಳಿಗೆ ಕುತ್ತು. ಇಂಕೆರಿ ಆ ಐದು ಅಂಕಿಗಳ ಓಣಿಯಲ್ಲಿ ನಾಲ್ಕು ತಿಂಗಳು ನಡೆದಳು. ನದಿಯ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಅಳೆಯುವುದು ಅವಳ ಕೆಲಸ. ನಗರದ ನೀರು ಸರಬರಾಜಿನ ಪ್ರಯೋಗಾಲಯದಲ್ಲಿ ಏಳು ವರ್ಷ ಅದನ್ನೇ ಮಾಡಿದ್ದಳು. ಅಂಕಿಗಳಿಗೆ ಹೆದರುವುದನ್ನು ಕಲಿತದ್ದು ಮಾತ್ರ ಆಸ್ಪತ್ರೆಯಲ್ಲಿ.

ಈಗ ಕಣ್ಣು ಬಲಿತಿತ್ತು, ಮೇಲಿನ ಗಡಿ ಹೋಗಿತ್ತು. ಕೆಳಗಿನದು ಉಳಿದಿತ್ತು. ಪುಟ್ಟ ಪಾದಕ್ಕೆ ಸುತ್ತಿದ ಪಟ್ಟಿಯಿಂದ ಒಂದು ತಂತಿ ಹೊರಟು ಅಂಗೈಯಗಲದ ಮಾನಿಟರಿಗೆ ಹೋಗುತ್ತಿತ್ತು. ತೊಂಬತ್ತಕ್ಕೆ ಇಳಿದರೆ ಅದು ಕೂಗುತ್ತದೆ.

ಇಂಕೆರಿಯ ಗಂಡ ಓಲವಿ ಉತ್ತರದ ಗಣಿಯಲ್ಲಿ ಎರಡು ವಾರ ದುಡಿದು ಒಂದು ವಾರ ಮನೆಗೆ ಬರುವವನು. ಮಾರ್ಚ್ ತಿಂಗಳ ಒಂದು ಶನಿವಾರ, ಅವನು ಗಣಿಗೆ ಹೋದ ಹಿಂದೆಯೇ ಅವನ ತಾಯಿ ಕೆರ್ತು ಕಾಯಾನಿಯಿಂದ ರೈಲಿನಲ್ಲಿ ಬಂದಿಳಿದಳು. ನಲವತ್ತು ವರ್ಷ ಶಾಲೆಯ ಅಡುಗೆಮನೆ ನಡೆಸಿದ ಹೆಂಗಸು. ಮೊಮ್ಮಗಳು ಹುಟ್ಟಿದ ದಿನದಿಂದ ಎಲ್ಲರೂ ತನ್ನನ್ನು ಅಜ್ಜಿ ಎಂದೇ, ಅಂದರೆ ಮುಮ್ಮೊ ಎಂದೇ, ಕರೆಯಬೇಕೆಂದು ಅವಳ ಅಪ್ಪಣೆಯಾಗಿತ್ತು. ಬಂದವಳು ಮೊದಲು ಸೌನಾದ, ಅಂದರೆ ಹಬೆಸ್ನಾನದ ಕೋಣೆಯ, ಬಾಗಿಲು ತೆರೆದಳು. ಒಲೆ ತಣ್ಣಗಿತ್ತು. ಹಬೆಯಲ್ಲಿ ಕೂರುವ ಹಲಗೆಗಳ ಮೇಲೆ ಡೈಪರಿನ ಕಟ್ಟುಗಳನ್ನು ಪೇರಿಸಿತ್ತು.

"ಸೌನಾದಲ್ಲಿ ಡೈಪರ್ ಇಟ್ಟಿರೋ ಮನೇನ ಇದೇ ಮೊದಲು ನೋಡಿದ್ದು."

"ಆಮ್ಲಜನಕ ಇರೋ ಮನೇಲಿ ಒಲೆ ಕಾಯಿಸೋಕೆ ನಂಗೆ ಧೈರ್ಯ ಇಲ್ಲ, ಮುಮ್ಮೊ."

"ನಿಂಗೆ ಯಾವುದಕ್ಕೆ ಧೈರ್ಯ ಇದೆ ಅಂತ ಒಂದು ಪಟ್ಟಿ ಬರ್ಕೊಡು. ಬೇಗ ಓದಿ ಮುಗಿಸಬಹುದು."

ಅದು ತಮಾಷೆಯೇ ಆಗಿತ್ತು. ಕೆರ್ತು ಅಂದೇ ಏಲಕ್ಕಿ ಬನ್ನು ಬೇಯಿಸಿದಳು, ಬಟ್ಟೆ ಒಗೆದಳು, ಇಂಕೆರಿಗೆ ಬಿಸಿ ಸೂಪು ಕುಡಿಸಿದಳು. ಆದರೆ ದಿನಕ್ಕೆ ಮೂರು ಸಲ ಅದೇ ಮಾತಿಗೆ ಬರುತ್ತಿದ್ದಳು.

"ಈ ಮಗು ಹೊರಗೆ ಮಲಗಿ ಎಷ್ಟು ದಿನ ಆಯ್ತು?"

"ಮಲಗಿಸೇ ಇಲ್ಲ."

"ಇವಳಪ್ಪನ್ನ ಹದಿನೈದು ದಿನಕ್ಕೇ ಅಂಗಳದಲ್ಲಿ ಮಲಗಿಸ್ತಿದ್ದೆ. ಮೈನಸ್ ಹತ್ತು. ಮೂರು ಗಂಟೆ ಕದಲದೆ ನಿದ್ದೆ ಮಾಡೋನು. ನಿನ್ನನ್ನೂ ನಿಮ್ಮಮ್ಮ ಹಾಗೇ ಬೆಳೆಸಿದ್ದು. ಈ ಸಾಲಿನ ಮನೆಗಳಲ್ಲಿ ನೋಡು, ಮಕ್ಕಳನ್ನ ಮಲಗಿಸಿದ ನಾಲ್ಕು ತಳ್ಳುಗಾಡಿ ಹೊರಗಿವೆ."

"ಆ ನಾಲ್ಕು ಗಾಡೀಲಿ ಯಾರ ಮೂಗಲ್ಲೂ ಕೊಳವೆ ಇಲ್ಲ."

"ಡಬ್ಬಿ ಗಾಳಿ ಕುಡಿಸಿ ಎಷ್ಟು ದಿನ ಇಡ್ತೀಯ? ನಾನು ನಲವತ್ತು ವರ್ಷ ಡಬ್ಬಿ ಬಟಾಣಿ ಬಡಿಸಿದೀನಿ. ಡಬ್ಬೀದು ಯಾವತ್ತಿದ್ರೂ ಡಬ್ಬೀದೇ."

ಇಂಕೆರಿ ಮಾನಿಟರಿನ ತಂತಿ ಸರಿಪಡಿಸಿದಳು. ಉತ್ತರ ಕೊಡಲು ಹೊರಟರೆ ಜನವರಿಯ ಮಾತು ಬರುತ್ತಿತ್ತು.

ಮಗು ಮನೆಗೆ ಬಂದು ಹತ್ತು ದಿನವಾಗಿತ್ತು ಆಗ. ಕಣ್ಣಿನ ಪರೀಕ್ಷೆಗೆ ಹೋಗಬೇಕಿತ್ತು. ಹೊರಗೆ ಹೋಗಲೆಂದೇ ಆಸ್ಪತ್ರೆಯವರು ಎರಡು ಸಣ್ಣ ಸಿಲಿಂಡರ್ ಕೊಟ್ಟಿದ್ದರು. ಒಂದನ್ನು ಗಾಡಿಯ ಕೆಳಗಿನ ಬುಟ್ಟಿಯಲ್ಲಿಟ್ಟುಕೊಂಡು ಬಸ್ ನಿಲ್ದಾಣಕ್ಕೆ ನಡೆದಳು. ನಿಲ್ದಾಣದಲ್ಲಿ ಟೋಪಿ ಸರಿಪಡಿಸಲು ಬಗ್ಗಿದಾಗ ಹೆಲ್ಕಾಳ ತುಟಿ ಸ್ಲೇಟಿನ ಬಣ್ಣಕ್ಕೆ ತಿರುಗಿತ್ತು. ಸಿಲಿಂಡರಿಗೆ ಎರಡು ತಿರುಪು: ಎಷ್ಟು ಹರಿಯಬೇಕೆಂದು ಹೇಳುವುದೊಂದು, ಸಿಲಿಂಡರನ್ನೇ ತೆರೆಯುವುದೊಂದು. ಅವಳು ಮೊದಲನೆಯದನ್ನು ಮಾತ್ರ ತಿರುಗಿಸಿದ್ದಳು. ತೆರೆದ ಮೇಲೆ ತುಟಿ ಕೆಂಪಾಯಿತು, ಬಸ್ಸೂ ಬಂತು. ಅವಳು ಹತ್ತಲಿಲ್ಲ. ಮನೆಗೆ ಬಂದು, ಮಗುವಿಗೆ ಶೀತವೆಂದು ಆಸ್ಪತ್ರೆಗೆ ಫೋನು ಮಾಡಿದಳು. ಮಾನಿಟರನ್ನು ಅಂದು ಮನೆಯಲ್ಲೇ ಬಿಟ್ಟುಹೋಗಿದ್ದಳು. ಹಾಗಾಗಿ ಎಷ್ಟು ನಿಮಿಷ, ಅಂಕಿ ಎಲ್ಲಿಯವರೆಗೆ ಇಳಿಯಿತು, ಯಾವುದೂ ಎಲ್ಲಿಯೂ ದಾಖಲಾಗಲಿಲ್ಲ. ಅಳೆಯದೆ ಉಳಿದ ಆ ನಿಮಿಷಗಳು ಅವಳ ತಲೆಯಲ್ಲಿ ದಿನಕ್ಕೊಂದು ಉದ್ದಕ್ಕೆ ಬೆಳೆಯುತ್ತಿದ್ದವು.

ಇದು ಗೊತ್ತಾದರೆ ಮಗುವನ್ನು ಮತ್ತೆ ವಾರ್ಡಿಗೆ ಕರೆದುಕೊಂಡು ಹೋಗುತ್ತಾರೆ ಎಂದು ಅವಳು ನಂಬಿದ್ದಳು. ಯಾರೂ ಹಾಗೆ ಹೇಳಿರಲಿಲ್ಲ. ಆದರೂ ಒಂಬತ್ತು ವಾರದಿಂದ ಅವಳು ಟ್ಯಾಕ್ಸಿಯಲ್ಲಿ ಆಸ್ಪತ್ರೆಗೆ ಹೋಗಿಬಂದದ್ದು ಬಿಟ್ಟರೆ ಹೊಸ್ತಿಲು ದಾಟಿರಲಿಲ್ಲ. ಓಲವಿಗೆ ಚಳಿಯ ನೆಪ ಹೇಳಿದಳು, ಗೆಳತಿಯರಿಗೆ ಸೋಂಕಿನ ನೆಪ ಹೇಳಿದಳು. ಎರಡೂ ನಂಬುವಂಥವೇ ಆಗಿದ್ದವು. ಸಿಲಿಂಡರುಗಳನ್ನು ಬಟ್ಟೆಯ ಕಪಾಟಿನೊಳಗೆ ನಿಲ್ಲಿಸಿ ಕದ ಹಾಕಿದ್ದಳು.

ಗುರುವಾರ ಮೈನಸ್ ಒಂಬತ್ತು, ಒಳ್ಳೆಯ ಬಿಸಿಲು. ಹಿಂದಿನ ರಾತ್ರಿ ಪಾದದ ಪಟ್ಟಿ ಸಡಿಲವಾಗಿ ಮಾನಿಟರ್ ಆರು ಸಲ ಸುಮ್ಮಸುಮ್ಮನೆ ಕೂಗಿತ್ತು. ಹನ್ನೊಂದೂವರೆಗೆ ಕೆರ್ತು ಸೊಸೆಯ ಕೈಯಿಂದ ಮಗುವನ್ನು ಇಸಿದುಕೊಂಡಳು.

"ಹೋಗಿ ಮಲಕ್ಕೋ. ನಿನ್ನ ಮುಖ ನೋಡಿದ್ರೆ ಹಾಲು ಒಡೆಯುತ್ತೆ."

"ಒಂದು ಗಂಟೆ ಅಷ್ಟೇ. ಎಬ್ಬಿಸಿ."

ಇಂಕೆರಿ ಪ್ರತಿದಿನ ಬೆಳಿಗ್ಗೆ ಮಾಡುವ ಒಂದು ಕೆಲಸವಿತ್ತು. ಬಾಟಲಿಯ ನೀರಿನ ತೇವ ಕೊಳವೆಯೊಳಗೆ ಹನಿಗಟ್ಟುತ್ತಿತ್ತು. ಅದನ್ನು ಬಿಡಿಸಿ ಕೊಡವಿ ಹನಿಗಳನ್ನು ತೆಗೆಯಬೇಕು. ಅಂದು ಅದನ್ನು ಮಾಡದೆಯೇ ಹಾಸಿಗೆಗೆ ಬಿದ್ದಳು.

ಎಚ್ಚರವಾದದ್ದು ಒಂದು ಸಿಳ್ಳೆಗೆ. ತೆಳ್ಳನೆಯ, ಎಡೆಬಿಡದ ಸಿಳ್ಳೆ. ಕೆಟಲ್ ಕೂಗುತ್ತಿದೆ, ಯಾರಾದರೂ ಇಳಿಸಬಾರದೇ ಎಂದುಕೊಂಡು ಮಗ್ಗುಲಾದಳು. ಆಮೇಲೆ ಈ ಮನೆಯಲ್ಲಿ ಸಿಳ್ಳೆ ಹಾಕುವ ಕೆಟಲ್ ಇಲ್ಲವೆಂಬುದು ನೆನಪಾಯಿತು. ಯಂತ್ರ ತಂದುಕೊಟ್ಟ ದಿನ ನರ್ಸ್ ಹೇಳಿದ್ದು ನೆನಪಾಯಿತು: ಕೊಳವೆ ಎಲ್ಲಾದರೂ ಕಟ್ಟಿಕೊಂಡರೆ ಬಾಟಲಿ ಸಿಳ್ಳೆ ಹಾಕುತ್ತದೆ.

ಮಂಚದ ಪಕ್ಕದ ತೊಟ್ಟಿಲು ಖಾಲಿಯಿತ್ತು.

ಅವಳು ಹೆಸರು ಹಿಡಿದು ಕೂಗಲಿಲ್ಲ. ಯಂತ್ರದ ಬಳಿ ಹೋಗಿ ಬಗ್ಗಿ ಕೊಳವೆಯನ್ನು ಹಿಡಿದಳು. ಯಂತ್ರದಿಂದ ಹೊರಟು ನಡುಮನೆಯ ಜಮಖಾನೆಯ ಅಂಚಿನಗುಂಟ, ಸೋಫಾದ ಹಿಂದೆ, ಗಾಜಿನ ಬಾಗಿಲಿನ ಪಕ್ಕದ ಸಣ್ಣ ಕಿಟಕಿಯವರೆಗೆ ಅದು ಅವಳ ಬೆರಳುಗಳ ನಡುವೆ ಹರಿಯಿತು. ಕಿಟಕಿಯನ್ನು ಎರಡು ಬೆರಳಷ್ಟು ತೆರೆದಿಟ್ಟಿತ್ತು. ಚೌಕಟ್ಟು ಕೊಳವೆಯನ್ನು ಅದುಮಬಾರದೆಂದು ಅಲ್ಲಿ ಒಂದು ಉಣ್ಣೆಯ ಕಾಲುಚೀಲ ಸುತ್ತಿತ್ತು, ಅಚ್ಚುಕಟ್ಟಾಗಿ, ಎರಡು ಕಡೆ ದಾರ ಕಟ್ಟಿ. ಅದರಾಚೆ ಕೊಳವೆ ಹಿಮದ ಮೇಲೆ ಮಲಗಿ ಗಾಡಿಯವರೆಗೆ ಹೋಗಿತ್ತು. ಕಿಟಕಿಯಾಚೆಯ ಭಾಗ ಕೋಲಿನಂತೆ ಸೆಟೆದಿತ್ತು.

ಅಡುಗೆಮನೆಯಲ್ಲಿ ಕೆರ್ತು ಕಾಫಿ ಬಟ್ಟಲು ಹಿಡಿದು, ಗಾಡಿ ಕಾಣುವಂತೆ ಕಿಟಕಿಗೆ ಮುಖಮಾಡಿ ಕುಳಿತಿದ್ದಳು. ರೇಡಿಯೋ ಹಾಡುತ್ತಿತ್ತು.

"ಎದ್ಯಾ? ನೋಡು ಹೋಗಿ. ರಾಣಿ ಥರ ಮಲಗಿದಾಳೆ."

"ಸಿಳ್ಳೆ ಯಾವಾಗಿಂದ?"

"ಯಾವ ಸಿಳ್ಳೆ? ಓ, ನಿನ್ನ ಯಂತ್ರದ್ದಾ? ಸಮುದ್ರದ ಹವಾಮಾನ ಓದ್ತಿದ್ರಲ್ಲ, ಆಗಿಂದ. ಮುದಿ ಯಂತ್ರ, ಬಾಗಿಲು ಪಕ್ಕ ಥಂಡಿ ಆಗಿರಬೇಕು ಅಂದ್ಕೊಂಡೆ."

ರೇಡಿಯೋದಲ್ಲಿ ಸಮುದ್ರದ ಹವಾಮಾನ ಓದುವುದು ಹನ್ನೆರಡು ಮುಕ್ಕಾಲಿಗೆ. ಗೋಡೆಯ ಗಡಿಯಾರದಲ್ಲಿ ಒಂದು ಗಂಟೆ ಹದಿನೇಳು ನಿಮಿಷ.

ಇಂಕೆರಿ ಕಾಲುಚೀಲದಲ್ಲೇ ಜಗಲಿಗೆ ಇಳಿದಳು. ಹೆಲ್ಕಾ ಕುರಿಚರ್ಮದ ಚೀಲದಲ್ಲಿ ಮೂಗಿನವರೆಗೆ ಹೂತು ಮಲಗಿದ್ದಳು. ಕೆನ್ನೆ ಕೆಂಪಗಿತ್ತು, ತುಟಿಯೂ ಕೆಂಪಗಿತ್ತು. ಮುದುಕಿ ಮಾನಿಟರನ್ನು ಮರೆತಿರಲಿಲ್ಲ. ಚಳಿ ತಾಗದಂತೆ ಚೀಲದೊಳಗೇ ಇಟ್ಟಿದ್ದಳು. ಇಂಕೆರಿ ಹೊರಗೆಳೆದು ನೋಡಿದಳು. ತೊಂಬತ್ತೈದು.

ಅವಳಿಗೆ ಅರ್ಥವಾಗಲಿಲ್ಲ. ಒಳಗೆ ಓಡಿ ಒಂದು ಲೋಟ ನೀರು ತಂದಳು, ಮಗುವಿನ ಮೂಗಿನಿಂದ ಕೊಳವೆಯ ತುದಿ ತೆಗೆದು ನೀರಿನಲ್ಲಿ ಅದ್ದಿದಳು. ಒಂದು ಗುಳ್ಳೆಯೂ ಏಳಲಿಲ್ಲ. ಕೊಳವೆಯನ್ನು ಬಗ್ಗಿಸಿದಾಗ ಒಳಗೆ ಮಂಜುಗಡ್ಡೆ ಚಿಟಿಚಿಟಿ ಮುರಿಯಿತು. ಒಳಗಿನ ಹನಿಗಳು, ಹೊರಗಿನ ಮೈನಸ್ ಒಂಬತ್ತು ಡಿಗ್ರಿ, ನಿಮಿಷಕ್ಕೆ ಕಾಲು ಲೀಟರಿನ ಮೆಲ್ಲನೆಯ ಹರಿವು. ಪ್ರಯೋಗಾಲಯದಲ್ಲಾದರೆ ಯಾರಿಗಾದರೂ ಮೊದಲೇ ಹೊಳೆಯಬಹುದಾದ ಲೆಕ್ಕ. ಅರ್ಧ ಗಂಟೆಯಿಂದ ಅವಳ ಮಗಳು ಬರೀ ಗಾಳಿ ಉಸಿರಾಡುತ್ತಿದ್ದಳು. ಎಲ್ಲರೂ ಉಸಿರಾಡುವ ಗಾಳಿ.

ಕಪಾಟಿನಿಂದ ಸಿಲಿಂಡರ್ ತಂದಳು. ಹೊಸ ಮೂಗಿನ ಕೊಳವೆ ಜೋಡಿಸಿದಳು, ಮಗುವಿನ ಕೆನ್ನೆಗೆ ಅಂಟಿಸಿದಳು. ಹರಿವಿನ ತಿರುಪು ತಿರುಗಿಸಿದಳು. ಎರಡನೆಯ ತಿರುಪಿನ ಮೇಲೆ ಕೈ ಇಟ್ಟು ಮಾನಿಟರ್ ನೋಡಿದಳು. ತೊಂಬತ್ತೈದು. ತೊಂಬತ್ತಾರು.

ಕೈ ತಿರುಗಲಿಲ್ಲ.

ಕೆರ್ತು ಬಾಗಿಲಲ್ಲಿ ನಿಂತಿದ್ದಳು. ನೀರಿನ ಲೋಟ, ಸೆಟೆದ ಕೊಳವೆ, ಸೊಸೆಯ ಒದ್ದೆ ಕಾಲುಚೀಲ ಎಲ್ಲವನ್ನೂ ಒಂದೊಂದಾಗಿ ನೋಡಿದಳು.

"ಗಾಳಿ ಹೋಗ್ತಿರಲಿಲ್ವಾ?"

"ಇಲ್ಲ. ಒಳಗೆ ನೀರು ಹೆಪ್ಪುಗಟ್ಟಿದೆ."

"ನಾನು ಕಾಲುಚೀಲ ಸುತ್ತಿದ್ದೆ ಇಂಕೆರಿ. ಎಲ್ಲೂ ಅದುಮಬಾರದು ಅಂತ." ಅವಳು ಚೌಕಟ್ಟು ಹಿಡಿದುಕೊಂಡಳು. "ನಾಲ್ಕೂ ಇಪ್ಪತ್ತಕ್ಕೆ ರೈಲಿದೆ. ನಾನು ಹೊರಡ್ತೀನಿ. ಓಲವಿಗೆ ನಾನೇ ಹೇಳ್ತೀನಿ."

"ಮೆಲ್ಲಗೆ ಮಾತಾಡಿ. ಮಲಗಿದಾಳೆ."

"ನೀನ್ಯಾಕೆ ಅದನ್ನ ತಿರುಗಿಸ್ತಿಲ್ಲ?"

ಇಂಕೆರಿ ಮಾನಿಟರಿನ ಅಂಕಿಯನ್ನೇ ನೋಡುತ್ತಿದ್ದಳು. ಆ ಅಂಕಿ ತೊಂಬತ್ತೈದರಲ್ಲಿ ನಿಂತಿರುವವರೆಗೆ ಯಂತ್ರ ಬೇಡ, ಬಾಟಲಿ ಬೇಡ, ಹನ್ನೆರಡು ಮೀಟರ್ ಬೇಡ. ಶುಕ್ರವಾರ, ಅಂದರೆ ನಾಳೆಯೇ, ನರ್ಸ್ ಮಾನಿಟರಿನ ನೆನಪನ್ನು ಓದಲು ಬರುವವಳಿದ್ದಳು. ಇನ್ನೂ ಸ್ವಲ್ಪ ಹೊತ್ತು ನಿಂತರೆ ನಾಳೆ ಎಲ್ಲವೂ ಮುಗಿಯಬಹುದು. ತಪ್ಪು ಮುದುಕಿಯದು, ಅದು ಈಗಾಗಲೇ ಆಗಿಹೋಗಿದೆ. ತಾನು ಅದನ್ನು ಸ್ವಲ್ಪ ಉದ್ದ ಮಾಡುತ್ತಿದ್ದೇನೆ ಅಷ್ಟೇ. ಹೀಗೆ ಯೋಚಿಸುತ್ತಿರುವುದು ತಾನೇ ಎಂದು ತಿಳಿದೂ ಅವಳ ಕೈ ತಿರುಪಿನ ಮೇಲೆ ಸುಮ್ಮನಿತ್ತು. ತಣ್ಣನೆಯ ಹಿತ್ತಾಳೆ ಅಂಗೈಗೆ ಅಂಟುತ್ತಿತ್ತು.

ತೊಂಬತ್ನಾಲ್ಕು. ತೊಂಬತ್ತೈದು. ತೊಂಬತ್ಮೂರು.

"ಮುಮ್ಮೊ, ಜನವರೀಲಿ ನಾನು ಇದನ್ನ ತೆರೆಯೋಕೆ ಮರ್ತಿದ್ದೆ," ಎಂದಳು, ಕಣ್ಣು ಎತ್ತದೆ. "ಬಸ್ ಸ್ಟಾಪಿನವರೆಗೆ ಹಾಗೇ ತಳ್ಕೊಂಡು ಹೋದೆ. ತುಟಿ ನೀಲಿಯಾಗಿತ್ತು. ಯಾರಿಗೂ ಹೇಳಿಲ್ಲ."

ಕೆರ್ತು ಒಳಗಿನ ಕಪಾಟಿನತ್ತ ತಿರುಗಿ ನೋಡಿದಳು.

"ಅದಕ್ಕೇನಾ ಕಪಾಟಿನ ಕದ ಹಾಕಿದ್ದು?"

"ಹೂಂ."

"ಸೌನಾ?"

"ಅದೂ."

"ನಾನು ಚಳಿಗೆ ಹೆದರ್ತೀಯ ಅಂದ್ಕೊಂಡಿದ್ದೆ. ಸೋಮಾರಿ ಅಂತಾನೂ ಅಂದ್ಕೊಂಡಿದ್ದೆ, ಸುಳ್ಳು ಯಾಕೆ ಹೇಳ್ಲಿ."

ತೊಂಬತ್ತೆರಡು. ಮಗುವಿನ ಉಸಿರು ಸಣ್ಣಗಾಗಿ ಬೇಗಬೇಗ ಓಡತೊಡಗಿತ್ತು. ನಿದ್ದೆ ಆಳಕ್ಕಿಳಿದಷ್ಟೂ ಅಂಕಿಯೂ ಇಳಿಯುತ್ತಿತ್ತು. ತೊಂಬತ್ತೊಂದು. ಇಂಕೆರಿ ಒಮ್ಮೆ ಕಣ್ಣು ಮುಚ್ಚಿ ತೆರೆದಳು, ಬೇರೆ ಅಂಕಿ ಕಾಣಲೆಂದು. ತೊಂಬತ್ತು. ಮಾನಿಟರ್ ಕೂಗಿತು.

"ತಿರುಗಿಸೇ ತಾಯಿ," ಎಂದಳು ಕೆರ್ತು.

ಅವಳು ತಿರುಗಿಸಿದಳು. ತುದಿಯನ್ನು ಲೋಟಕ್ಕೆ ಅದ್ದಿ ನೋಡಿದಳು. ಗುಳ್ಳೆಗಳು ಸಾಲಾಗಿ ಎದ್ದವು. ಮೂಗಿಗೆ ಇಟ್ಟಳು. ತೊಂಬತ್ಮೂರಕ್ಕೆ ಬರಲು ಒಂದು ನಿಮಿಷವೂ ಬೇಕಾಗಲಿಲ್ಲ. ಗಡಿಯಾರದಲ್ಲಿ ಒಂದು ಇಪ್ಪತ್ತೆಂಟು. ಹೆಲ್ಕಾ ಏಳಲಿಲ್ಲ.

ನಾಲ್ಕೂ ಇಪ್ಪತ್ತರ ರೈಲಿಗೆ ಕೆರ್ತು ಹೋಗಲಿಲ್ಲ. ಊಟವಾದ ಮೇಲೆ ಕೆರ್ತು ಉಣ್ಣೆಯ ಕಾಲುಚೀಲದಿಂದ ದಾರ ಬಿಚ್ಚಿ, ಇನ್ನೊಂದು ಕಾಲಿನದರೊಂದಿಗೆ ಜೋಡಿಸಿ ಮಡಿಸಿಟ್ಟಳು.

ಶುಕ್ರವಾರ ಹತ್ತಕ್ಕೆ ನರ್ಸ್ ಮೆರ್ವಿ ಬಂದಳು. ಮಗುವನ್ನು ತೂಗಿದಳು, ಎದೆ ಕೇಳಿದಳು, ಮಾನಿಟರನ್ನು ತನ್ನ ಕಂಪ್ಯೂಟರಿಗೆ ಜೋಡಿಸಿ ಎರಡು ವಾರದ ಗೆರೆಯನ್ನು ಮೆಲ್ಲಗೆ ಉರುಳಿಸುತ್ತ ಹೋದಳು. ಒಂದು ಕಡೆ ಬೆರಳು ನಿಂತಿತು.

"ನಿನ್ನೆ ಮಧ್ಯಾಹ್ನ ಏನಾಯ್ತು? ಇಲ್ಲಿ ನಿಧಾನವಾಗಿ ಇಳಿದು ಒಂದು ಇಪ್ಪತ್ತೆಂಟಕ್ಕೆ ತೊಂಬತ್ತಕ್ಕೆ ಬಂದಿದೆ."

"ಅದು ನಾನು," ಎಂದಳು ಕೆರ್ತು, ಕಾಫಿ ಪಾತ್ರೆಯನ್ನು ಮೇಜಿನ ಮೇಲಿಡುತ್ತ. "ಇವಳು ಮಲಗಿದ್ಲು. ಕೇಳದೆ ಹೊರಗೆ ಮಲಗಿಸ್ದೆ. ಕೊಳವೆ ಹೆಪ್ಪುಗಟ್ಟಿತು. ಯಂತ್ರ ಸಿಳ್ಳೆ ಹಾಕ್ತಿದ್ರೂ ನಾನು ಕಾಫಿ ಕುಡೀತಿದ್ದೆ. ಇವಳದೇನೂ ತಪ್ಪಿಲ್ಲ."

ಮೆರ್ವಿ ಬರೆದುಕೊಳ್ಳತೊಡಗಿದಳು. ಗೆರೆಯಲ್ಲಿ ಯಾರ ಹೆಸರೂ ಇರಲಿಲ್ಲ. ಮುದುಕಿ ತನ್ನ ಮಾತಿನಿಂದ ಸೊಸೆಗೆ ತಪ್ಪಿಸಿಕೊಳ್ಳುವ ಬಾಗಿಲೊಂದನ್ನು ತೆರೆದು ಹಿಡಿದಿದ್ದಳು. ಇಂಕೆರಿ ಸುಮ್ಮನೆ ಹೊರಗೆ ನಡೆದುಬಿಡಬಹುದಿತ್ತು. ನಡೆದರೆ ಈ ನಿಮಿಷಗಳೂ ಜನವರಿಯ ನಿಮಿಷಗಳ ಜೊತೆ ಸೇರಿಕೊಳ್ಳುತ್ತವೆಂದು ಅವಳಿಗೆ ಗೊತ್ತಿತ್ತು.

"ಒಂದು ಹದಿನೇಳರವರೆಗಿನದು ಮುಮ್ಮೊ ಮಾಡಿದ್ದು," ಎಂದಳು. "ಆಮೇಲಿನ ಹನ್ನೊಂದು ನಿಮಿಷ ನಾನು. ಸಿಲಿಂಡರ್ ಜೋಡಿಸಿದ್ದೆ. ತೆರೀಲಿಲ್ಲ. ಗಾಳೀಲೇ ನಿಲ್ತಾಳೇನೋ ಅಂತ ನೋಡ್ತಾ ನಿಂತೆ." ಮೆರ್ವಿ ತಲೆಯೆತ್ತುವ ಮೊದಲೇ ಜನವರಿಯದನ್ನೂ ಹೇಳಿದಳು, ಒಂದೇ ಉಸಿರಿಗೆ, ಹರಿವಿನ ತಿರುಪು ಯಾವುದು ಮುಖ್ಯ ತಿರುಪು ಯಾವುದು ಎಂಬುದೂ ಸೇರಿ.

ಮೆರ್ವಿ ಪೆನ್ನು ಕೆಳಗಿಟ್ಟಳು.

"ಹನ್ನೊಂದು ನಿಮಿಷದ್ದು ತಪ್ಪು. ಮತ್ತೆ ಹಾಗೆ ಮಾಡಬೇಡಿ. ನಿಲ್ಲಿಸಿ ನೋಡಬೇಕು ಅನಿಸಿದ್ರೆ ಫೋನ್ ಮಾಡಿ, ನಾನು ಬಂದು ಜೊತೇಲಿ ಕೂತು ನೋಡ್ತೀನಿ. ಜನವರೀದು ಮರೆವು. ಆ ತಿರುಪನ್ನ ಮರೆಯೋ ಮನೆ ವರ್ಷಕ್ಕೆ ಮೂರಾದ್ರೂ ಸಿಗುತ್ತೆ ನಂಗೆ."

"ವಾಪಸ್ ಕರ್ಕೊಂಡು ಹೋಗ್ತೀರಾ?"

"ಯಾರನ್ನ? ಎಲ್ಲಿಗೆ?"

"ವಾರ್ಡಿಗೆ."

ಮೆರ್ವಿ ಕುರ್ಚಿಯನ್ನು ಅವಳತ್ತ ಎಳೆದುಕೊಂಡಳು. "ಇದನ್ನ ಒಂಬತ್ತು ವಾರದಿಂದ ಹೊತ್ಕೊಂಡಿದ್ರಾ? ಇಲ್ಲ. ವಾರ್ಡಲ್ಲಿ ಇವಳಿಗೆ ಮಾಡೋಂಥದ್ದು ಏನೂ ಉಳಿದಿಲ್ಲ." ಆಮೇಲೆ ಪರದೆಯನ್ನು ಅವರತ್ತ ತಿರುಗಿಸಿದಳು. "ಆದ್ರೆ ಇದನ್ನೂ ನೋಡಿ. ನಿದ್ದೆ ಆಳವಾದಾಗ ಜಾರ್ತಾಳೆ. ಶ್ವಾಸಕೋಶ ಇನ್ನೂ ಬೆಳೀಬೇಕು. ಡಾಕ್ಟರ್ ಹತ್ರ ತೋರಿಸ್ತೀನಿ, ಅವರೂ ಇದನ್ನೇ ಹೇಳೋದು. ಮೇ ತಿಂಗಳ ತನಕ ಕೊಳವೆ ಇರ್ಲಿ."

ಮೇ. ನದಿಯ ಮಂಜುಗಡ್ಡೆ ಒಡೆದು ಹೋದ ಮೇಲೆ. ಇಂಕೆರಿ ತಲೆಯಾಡಿಸಿದಳು.

"ಹೊರಗೆ ಮಲಗಿಸಬಹುದಾ?" ಕೇಳಿದವಳು ಕೆರ್ತು. ಕೇಳುವಾಗ ಅವಳ ದನಿ ಶಾಲೆಯ ಅಡುಗೆಮನೆಯದಾಗಿರಲಿಲ್ಲ.

"ಮಲಗಿಸಿ. ಆದ್ರೆ ಸಿಲಿಂಡರಿನಿಂದ. ಅದು ಒಣ ಗಾಳಿ, ನೀರಿಲ್ಲ, ಹೆಪ್ಪುಗಟ್ಟಲ್ಲ."

ಕೆರ್ತು ಸೋಫಾದ ಹಿಂದಿನ ಕೊಳವೆಯನ್ನೂ ಬಟ್ಟೆಯ ಕಪಾಟನ್ನೂ ನೋಡಿದಳು. "ಕಪಾಟಲ್ಲೇ ಇತ್ತು," ಎಂದಳು, ಯಾರಿಗೂ ಅಲ್ಲ ಎನ್ನುವಂತೆ.

ಶನಿವಾರ ಕೆರ್ತು ರೈಲು ಹತ್ತಿದಳು. ಹೊರಡುವಾಗ ಸೌನಾದ ಡೈಪರುಗಳ ಬಗ್ಗೆ ಏನೂ ಹೇಳಲಿಲ್ಲ. ಮೊಮ್ಮಗಳ ಪಾದವನ್ನು ಪಟ್ಟಿಯ ಸಮೇತ ಒಮ್ಮೆ ಹಿಡಿದಳು, ಅಷ್ಟೇ.

ಭಾನುವಾರ ಮಧ್ಯಾಹ್ನ ಇಂಕೆರಿ ಕಪಾಟಿನ ಕದ ತೆರೆದಳು. ಎರಡೂ ತಿರುಪು ತಿರುಗಿಸಿದಳು. ತುದಿಯನ್ನು ಲೋಟದಲ್ಲಿ ಅದ್ದಿದಳು, ಗುಳ್ಳೆ ಕಂಡಿತು. ಮಗುವನ್ನು ಕುರಿಚರ್ಮದ ಚೀಲಕ್ಕಿಳಿಸಿ, ಮಾನಿಟರನ್ನು ಅದರ ಪಕ್ಕ ಇಟ್ಟು, ಬಾಗಿಲು ಹಾಕಿದಳು. ಮತ್ತೆ ಬಾಗಿಲು ತೆರೆದು ಲೋಟ ತಂದು ಇನ್ನೊಮ್ಮೆ ನೋಡಿದಳು. ಗುಳ್ಳೆ ಇತ್ತು. ಲೋಟವನ್ನು ಮೆಟ್ಟಿಲಿನ ಮೇಲೇ ಬಿಟ್ಟಳು.

ಗಾಡಿಯ ಚಕ್ರಗಳು ಗಟ್ಟಿಯಾದ ಹಿಮದ ಮೇಲೆ ಕಿರುಗುಟ್ಟುತ್ತ ಹೋದವು. ಬಸ್ ನಿಲ್ದಾಣ ಬರುವಷ್ಟರಲ್ಲಿ ಆರು ಸಲ ನಿಂತು ಬಗ್ಗಿ ನೋಡಿದಳು. ತೊಂಬತ್ತೈದು, ತೊಂಬತ್ತೈದು, ತೊಂಬತ್ನಾಲ್ಕು. ನಿಲ್ದಾಣದಲ್ಲಿ ಯಾರೂ ಇರಲಿಲ್ಲ. ಬೆಂಚಿನ ಮೇಲಿನ ಹಿಮವನ್ನು ಯಾರೋ ಒಬ್ಬರು ಕೂರುವಷ್ಟು ಒರೆಸಿಹೋಗಿದ್ದರು. ಅವಳು ಅಲ್ಲಿ ಕುಳಿತು ಸಿಲಿಂಡರಿನ ಮಾಪಕದ ಮುಳ್ಳು ನೋಡಿದಳು, ಆಮ್ಲಜನಕ ಇನ್ನೂ ತುಂಬ ಇತ್ತು. ಮನೆಯವರೆಗೆ ಎಷ್ಟು ದೂರ ಎಂದು ಲೆಕ್ಕ ಹಾಕಿದಳು: ನಾಲ್ಕುನೂರು ಮೀಟರ್ ಇರಬಹುದು. ಇದನ್ನು ಅವಳು ಯಾವತ್ತೂ ಅಳೆದಿರಲಿಲ್ಲ.

ಬಸ್ಸು ಬಂತು. ಗಾಡಿ ಕಂಡು ಚಾಲಕ ವೇಗ ತಗ್ಗಿಸಿದ. ಇಂಕೆರಿ ಬೇಡವೆಂದು ಕೈಯಾಡಿಸಿದಳು, ಅವನೂ ಕೈಯೆತ್ತಿ ಮುಂದೆ ಹೋದ. ಅವಳು ಎದ್ದು, ಕೈಗವಸು ಕಳಚಿ, ಎರಡನೆಯ ತಿರುಪನ್ನು ಮುಟ್ಟಿ ನೋಡಿದಳು. ತೆರೆದೇ ಇತ್ತು. ಆಮೇಲೆ ಗಾಡಿಯನ್ನು ಮನೆಯ ಕಡೆಗೆ ತಿರುಗಿಸದೆ, ಮುಂದಿನ ನಿಲ್ದಾಣದವರೆಗೆ ತಳ್ಳಿಕೊಂಡು ಹೊರಟಳು.